ಬೇಗಂಪೇಟೆಯ ಸೊಳ್ಳೆ, ಲಂಡನ್ನಿನ ಟಪಾಲು



ನಮ್ಮ ಸಂಘದ ಹುಡುಗನೊಬ್ಬ ಒಂದು ಭಾನುವಾರ ನಮ್ಮ ಮನೆಗೆ ಬಂದ. ಸಿ.ಎ. ಫೈನಲ್‌ನಲ್ಲಿ ಮೂರನೆಯ ಸಲ ಫೇಲಾಗಿದ್ದ. "ಸಾಕು ಅಂಕಲ್, ಇದು ನನ್ನ ಕೈಲಿ ಆಗೋದಲ್ಲ" ಎಂದ. ಹಿರಿಯರು ಹೇಳುವುದನ್ನೆಲ್ಲ ನಾನೂ ಹೇಳಿದೆ. ಧೈರ್ಯಗೆಡಬೇಡ, ಪ್ರಯತ್ನ ಬಿಡಬೇಡ, ಭಗೀರಥನನ್ನು ನೆನೆಸಿಕೋ. ಅವನು ತಲೆಯಾಡಿಸಿ, ಕಾಫಿ ಕುಡಿದು ಹೊರಟುಹೋದ. "ಅವನ ಮಾತು ಒಂದಾದರೂ ನಿಮ್ಮ ಕಿವಿಗೆ ಬಿತ್ತೇ?" ಎಂದು ನನ್ನಾಕೆ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ನಿಮ್ಮಲ್ಲಿ ಕೆಲವರು ಈಗ ಆಪ್ತ ಸಲಹೆಯ ವೃತ್ತಿಯಲ್ಲಿದ್ದೀರಿ. ಕೆಲವರು ಕೋಚಿಂಗ್ ಕೊಡುತ್ತೀರಿ, ಆಫೀಸಿನಲ್ಲಿ ಕಿರಿಯರನ್ನು ತಿದ್ದುತ್ತೀರಿ. ಸೋತು ಕುಳಿತವನೊಬ್ಬ ನಿಮ್ಮೆದುರಿಗೂ ಬಂದೇ ಬರುತ್ತಾನೆ. ಅವನಿಗೆ ಏನು ಹೇಳಬೇಕು? ಈ ಪ್ರಶ್ನೆಗೆ ನಾನು ಕಂಡ ಅತ್ಯುತ್ತಮ ಉತ್ತರ ನಮ್ಮ ಬೇಗಂಪೇಟೆಯಲ್ಲೇ ಇದೆ. ಹಳೆಯ ವಿಮಾನ ನಿಲ್ದಾಣದ ಬಳಿ ಸರ್ ರೊನಾಲ್ಡ್ ರಾಸ್ ಹೆಸರಿನ ಕಟ್ಟಡವಿದೆಯಲ್ಲ, ಅಲ್ಲಿ. ನಾವು ದಿನವೂ ಅದರ ಹತ್ತಿರವೇ ಓಡಾಡುತ್ತೇವೆ, ಒಳಗೆ ಇಣುಕಿದವರು ಕಡಿಮೆ.

1897ರ ಆಗಸ್ಟ್ 20ರಂದು ರಾಸ್ ಇಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ಕಂಡರೆಂದು ಶಾಲೆಯಲ್ಲಿ ಓದಿರುತ್ತೀರಿ. ಅದಕ್ಕೆ ಹಿಂದಿನ ಎರಡು ವರ್ಷಗಳ ಕಥೆಯನ್ನು ಶಾಲೆಯಲ್ಲಿ ಹೇಳುವುದಿಲ್ಲ.

ರಾಸ್ ಸೈನ್ಯದ ವೈದ್ಯ. 1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರು ಸೂಕ್ಷ್ಮದರ್ಶಕದಲ್ಲಿ ಆ ಪರಾವಲಂಬಿಯನ್ನು ತೋರಿಸಿ, ಇದು ಸೊಳ್ಳೆಯ ಮೂಲಕ ಸಾಗುತ್ತಿರಬೇಕು ಎಂಬ ತಮ್ಮ ಊಹೆಯನ್ನೂ ಹೇಳಿದರು. 1895ರಲ್ಲಿ ರಾಸ್ ಸಿಕಂದರಾಬಾದಿಗೆ ಬಂದು ಸೊಳ್ಳೆ ಸೀಳತೊಡಗಿದರು. ಸೀಳಿದ್ದೆಲ್ಲ ಬೇರೆ ಜಾತಿಯ ಸೊಳ್ಳೆಗಳು, ಅವುಗಳಲ್ಲಿ ಮನುಷ್ಯರ ಮಲೇರಿಯಾ ಬೆಳೆಯುವುದೇ ಇಲ್ಲ! ಅದು ಅವರಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಕಾಲರಾ ಕೆಲಸಕ್ಕೆಂದು ಬೆಂಗಳೂರಿಗೆ ವರ್ಗ. ನಮ್ಮ ಬೆಂಗಳೂರಿಗೂ ಅವರಿಗೂ ಹಳೆಯ ನಂಟು. ತರುಣರಾಗಿದ್ದಾಗ ಅಲ್ಲಿ ಮನೆಯ ಬಳಿಯ ತೊಟ್ಟಿಯ ನೀರು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುವುದನ್ನು ಗಮನಿಸಿದ್ದರು. 1897ರಲ್ಲಿ ಊಟಿಯ ಕಡೆ ಹೋದಾಗ ಸ್ವತಃ ಅವರಿಗೇ ಮಲೇರಿಯಾ ಹತ್ತಿತು. ಮತ್ತೆ ಸಿಕಂದರಾಬಾದು. ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು, ಕಣ್ಣಿಟ್ಟು ನೋಡುವ ಗಾಜು ಬಿರುಕು ಬಿಟ್ಟಿತ್ತು. ಬಿಡಿಸಿಟ್ಟ ಚೂರುಗಳು ಹಾರಿಹೋದಾವೆಂದು ಪಂಖಾ ಬೀಸಿಸಲೂ ಹೆದರಿಕೆ.

ಈ ಕಾಲದಲ್ಲೆಲ್ಲ ಅವರನ್ನು ಎತ್ತಿಹಿಡಿದದ್ದು ಮ್ಯಾನ್ಸನ್ನರ ಪತ್ರಗಳು. ಒಂದು ಪತ್ರ ಹಡಗಿನಲ್ಲಿ ಬರಲು ವಾರಗಳೇ ಬೇಕು. ಹುರಿದುಂಬಿಸುವ ಮಾತು ಅವುಗಳಲ್ಲಿ ಇರಲಿಲ್ಲವೆಂದಲ್ಲ. ಕೈಬಿಡಬೇಡ, ಪುರಾಣದ ವೀರ ಪವಿತ್ರ ಪಾತ್ರೆಯನ್ನು ಹುಡುಕಿದ ಹಾಗೆ ಹುಡುಕು ಎಂದೂ ಬರೆದರು. ಆದರೆ ಬರೀ ಅದಾಗಿದ್ದರೆ ನನ್ನ ಭಗೀರಥನ ಉಪದೇಶಕ್ಕಿಂತ ಹೆಚ್ಚಿನದೇನೂ ಆಗುತ್ತಿರಲಿಲ್ಲ. ಮ್ಯಾನ್ಸನ್ ರಾಸ್ ಬರೆದದ್ದನ್ನು ಓದುತ್ತಿದ್ದರು. ಏನು ಕಂಡೆ, ಏನು ಕಾಣಲಿಲ್ಲ ಎಂಬುದನ್ನು ಹಿಡಿದು, ಮುಂದೆ ನೋಡಬೇಕಾದದ್ದನ್ನು ಸೂಚಿಸುತ್ತಿದ್ದರು. ಸೋತವನಿಗೆ ಬೆಟ್ಟದ ತುದಿ ತೋರಿಸಿದರೆ ಕಾಲು ಇನ್ನಷ್ಟು ಸೋಲುತ್ತದೆ. ಮುಂದಿನ ಮೆಟ್ಟಿಲು ಎಲ್ಲಿದೆಯೆಂದು ತೋರಿಸಿದರೆ ಕಾಲೆತ್ತಿಯಾನು.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಮ್ಯಾನ್ಸನ್ನರ ಊಹೆಯಲ್ಲಿ ಅರ್ಧ ತಪ್ಪಿತ್ತು. ಸೊಳ್ಳೆ ನೀರಿನಲ್ಲಿ ಸತ್ತು, ಆ ನೀರು ಕುಡಿದವರಿಗೆ ಜ್ವರ ಬರುತ್ತದೆ ಎಂದು ಅವರು ನಂಬಿದ್ದರು. ದಾರಿ ತೋರುವವನಿಗೆ ಎಲ್ಲವೂ ತಿಳಿದಿರಬೇಕಾಗಿಲ್ಲ ಎಂದು ನನ್ನಂಥವರಿಗೆ ಇದರಿಂದ ಎಷ್ಟು ಸಮಾಧಾನ!

1897ರ ಆಗಸ್ಟ್ ಮಧ್ಯದಲ್ಲಿ ರೆಕ್ಕೆಯ ಮೇಲೆ ಚುಕ್ಕೆಗಳಿದ್ದ ಬೇರೊಂದು ಜಾತಿಯ ಸೊಳ್ಳೆ ಸಿಕ್ಕಿತು. ಅದೇ ಅನಾಫಿಲಿಸ್. ಹುಸೇನ್ ಖಾನ್ ಎಂಬ ರೋಗಿ ಸೊಳ್ಳೆಗೊಂದು ಆಣೆಯಂತೆ ಪಡೆದು ಕಚ್ಚಿಸಿಕೊಂಡ. ಪಾಪ, ಅವನ ಹೆಸರಿನಲ್ಲಿ ಕಟ್ಟಡವೇನೂ ಇಲ್ಲ. 20ರಂದು ಸೊಳ್ಳೆಯ ಜಠರದ ಗೋಡೆಯಲ್ಲಿ ಕಪ್ಪು ಕಣಗಳುಳ್ಳ ಕೋಶಗಳು ಕಂಡವು. ಮರುದಿನ ಉಳಿದೊಂದು ಸೊಳ್ಳೆಯಲ್ಲಿ ಅವೇ ಕೋಶಗಳು ಇನ್ನೂ ದೊಡ್ಡದಾಗಿದ್ದವು, ಅಂದರೆ ಬೆಳೆಯುತ್ತಿದ್ದವು.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಬೇಕಿತ್ತು. ಆದರೆ ಸರ್ಕಾರ ಅವರನ್ನು ರಾಜಪುತಾನದ ಖೇರವಾಡಕ್ಕೆ ಎತ್ತಿಹಾಕಿತು. ಅಲ್ಲಿ ಮಲೇರಿಯಾ ರೋಗಿಗಳೇ ದುರ್ಲಭ. ರಾಸ್ ಕುಸಿದುಹೋದರು. ಈಗ ಮ್ಯಾನ್ಸನ್ ಕೇವಲ ಪತ್ರ ಬರೆದು ಸುಮ್ಮನಾಗಲಿಲ್ಲ. ಶಿಷ್ಯ ಕಳಿಸಿದ ಗಾಜಿನ ಪಟ್ಟಿಗಳನ್ನು ತಾವೇ ಪರೀಕ್ಷಿಸಿ ಒಪ್ಪಿದರು. ಲೇಖನ 1897ರ ಡಿಸೆಂಬರ್ 18ರಂದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾಯಿತು. ಲಂಡನ್ನಿನಲ್ಲಿ ತಮ್ಮ ಪ್ರಭಾವ ಬಳಸಿ, 1898ರ ಆರಂಭದಲ್ಲಿ ರಾಸ್‌ಗೆ ಕಲ್ಕತ್ತೆಯಲ್ಲಿ ಸಂಶೋಧನೆಯದೇ ಕೆಲಸ ಸಿಗುವಂತೆ ಮಾಡಿದರು. ಮನುಷ್ಯರ ಬದಲು ಹಕ್ಕಿಗಳ ಮಲೇರಿಯಾ ನೋಡು ಎಂಬ ಸಲಹೆಯೂ ಅವರದೇ. ಆ ವರ್ಷದ ಜುಲೈನಲ್ಲಿ ಸೊಳ್ಳೆಯ ಜೊಲ್ಲುಗ್ರಂಥಿಯಿಂದ ಕಡಿತದ ಮೂಲಕ ರೋಗ ಹರಡುವುದನ್ನು ರಾಸ್ ಹಕ್ಕಿಗಳಲ್ಲಿ ತೋರಿಸಿದರು. 1902ರಲ್ಲಿ ನೊಬೆಲ್ ಬಂತು. ವ್ಯಕ್ತಿಯಲ್ಲಿ ಉತ್ಸಾಹವಿಲ್ಲವೆಂದು ನಾವು ಬೈಯುವಾಗ ಎಷ್ಟೋ ಸಲ ಅವನು ಖೇರವಾಡದಲ್ಲಿರುತ್ತಾನೆ, ಅಷ್ಟೆ.

ಮುಂದೆ ಇಬ್ಬರಿಗೂ ಜಗಳವಾಯಿತು. 1912ರಲ್ಲಿ ರಾಸ್ ತಮ್ಮ ಗುರುವಿನ ಮೇಲೆಯೇ ಮಾನನಷ್ಟದ ಆರೋಪ ಹೊರಿಸಿದರು. ನೆರವಾದವರಿಗೆ ಕೃತಜ್ಞತೆ ಸಿಕ್ಕೇ ಸಿಗುತ್ತದೆಂದು ಲೆಕ್ಕ ಹಾಕಿಕೊಂಡು ಹೊರಟವರು ಇದನ್ನು ತಿಳಿದಿರುವುದು ಒಳ್ಳೆಯದು.

ಇದೆಲ್ಲ ಓದಿದ ಮೇಲೆ ಆ ಹುಡುಗನನ್ನು ಮತ್ತೆ ಕರೆಸಿದೆ. ಈ ಸಲ ಅಂಕಪಟ್ಟಿ ತರಲು ಹೇಳಿದೆ. ಒಟ್ಟು ಅಂಕಗಳು ಸಾಲುವಷ್ಟಿದ್ದವು. ಆಡಿಟ್ ಒಂದರಲ್ಲಿ ಮಾತ್ರ ಬೇಕಾದ 40ರ ಬದಲು 36. ಮೂರು ಸಲವೂ ಅದೇ ವಿಷಯ! ಅರ್ಜಿ ಹಾಕಿ ಅವನ ಉತ್ತರ ಪತ್ರಿಕೆಯ ಪ್ರತಿ ತರಿಸಿಕೊಂಡೆವು. ಆಡಿಟ್ ನನಗೆ ತಿಳಿಯದು, ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಆದರೂ ಓದಿದಾಗ ಕೊನೆಯ ಎರಡು ಪ್ರಶ್ನೆಗಳಿಗೆ ಅವನು ಬರೆದದ್ದು ಒಂದೊಂದೇ ಸಾಲು ಎಂಬುದು ಕಂಡಿತು. "ಟೈಮ್ ಸಾಕಾಗಲಿಲ್ಲ ಅಂಕಲ್" ಎಂದ. ಆ ವಾರದಿಂದ ಪ್ರತಿ ಭಾನುವಾರ ನಮ್ಮ ಊಟದ ಮೇಜಿನ ಮೇಲೆ ಗಡಿಯಾರ ಇಟ್ಟುಕೊಂಡು ಅವನು ಮೂರು ಗಂಟೆ ಬರೆಯುತ್ತಾನೆ. ನಾನು ಎದುರಿಗೆ ಪೇಪರ್ ಓದುತ್ತ ಕೂತಿರುತ್ತೇನೆ. ನನ್ನಾಕೆ ಕಾಫಿ ತರುವುದು ಅವನು ಪೆನ್ ಕೆಳಗಿಟ್ಟ ಮೇಲೆಯೇ.