ಕೊಯ್ಯದೆ ಮಿದುಳನ್ನು ಮುಟ್ಟಿದ ಧ್ವನಿ

ಮನೆಯ ಹಿರಿಯರು ನೀರಿನ ಲೋಟವನ್ನು ಬಾಯಿಗೆತ್ತುವಾಗ ಕೈ ನಡುಗಿ, ಅರ್ಧ ನೀರು ಮೈಮೇಲೆ ಚೆಲ್ಲುವುದನ್ನು ನಾವು ಕಂಡಿದ್ದೇವೆ. ವಯೋಧರ್ಮವೆಂದು ಸಮಾಧಾನ ತಂದುಕೊಳ್ಳುತ್ತೇವೆ. ಆದರೆ ಎಲ್ಲ ನಡುಕವೂ ವಯಸ್ಸಿನದಲ್ಲ. ಕೆಲವರಲ್ಲಿ ಅದು ಮಿದುಳಿನ ಆಳದ ಥಲಾಮಸ್ ಎಂಬ ಭಾಗದ ಮೂಲಕ ಹಾಯುವ ತಪ್ಪು ಸಂಕೇತಗಳ ಫಲ. ತಲೆಬುರುಡೆಯನ್ನು ತೆರೆಯದೆ, ಧ್ವನಿಯಿಂದಲೇ ಇದಕ್ಕೆ ಚಿಕಿತ್ಸೆ ನೀಡುವ ವಿಧಾನ ಇಂದು ಇದೆ. ಇದರ ಹಿಂದೆ ಏಳು ದಶಕಗಳಿಗೂ ಮೀರಿದ ಪರಿಶ್ರಮವಿದೆ. ಅದರ ಮೊದಲ ಭಾರವನ್ನು ಹೊತ್ತವು ಮೂಕಪ್ರಾಣಿಗಳು.

ನಮ್ಮ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿಯನ್ನಷ್ಟೇ ಗ್ರಹಿಸಬಲ್ಲದು. ಅದಕ್ಕೂ ಮೀರಿದ ಶ್ರವಣಾತೀತ ಧ್ವನಿಯನ್ನೇ ಗರ್ಭಿಣಿಯರ ಸ್ಕ್ಯಾನಿಂಗಿಗೆ ಬಳಸುತ್ತಾರೆ. ಭೂತಗನ್ನಡಿಯು ಬಿಸಿಲನ್ನು ಒಂದು ಬಿಂದುವಿಗೆ ಕೂಡಿಸಿ ಅರಳೆಯನ್ನು ಹೊತ್ತಿಸುವಂತೆ, ಈ ಧ್ವನಿಯನ್ನೂ ಒಂದೆಡೆ ಕೂಡಿಸಬಹುದು. ಅಲೆಗಳು ದಾರಿಯಲ್ಲಿ ಸೌಮ್ಯವಾಗಿದ್ದು, ಸೇರುವ ಸ್ಥಳದಲ್ಲಿ ಮಾತ್ರ ಸುಡುತ್ತವೆ.

1942ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಲಿನ್ ಮತ್ತು ಸಂಗಡಿಗರು ಪ್ರಾಣಿಗಳಲ್ಲಿ ಇದನ್ನು ಪರೀಕ್ಷಿಸಿದರು. ಮಿದುಳಿನೊಳಗೆ ಗಾಯವನ್ನು ಮಾಡುವುದೇನೋ ಸಾಧ್ಯವಾಯಿತು; ಆದರೆ ಬುರುಡೆಯ ಎಲುಬು ಧ್ವನಿಯನ್ನು ಹೀರಿ ಕಾಯುತ್ತಿತ್ತು, ನೆತ್ತಿಯ ಚರ್ಮವೂ ನೊಂದಿತು. 1950ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ವಿಲಿಯಂ ಫ್ರೈ ಮತ್ತು ಫ್ರಾನ್ಸಿಸ್ ಫ್ರೈ ಸಹೋದರರು ಅರಿವಳಿಕೆ ನೀಡಿದ ಬೆಕ್ಕುಗಳ ಬುರುಡೆಯ ತುಂಡನ್ನು ತೆಗೆದು, ಹಲವು ಧ್ವನಿಕಿರಣಗಳನ್ನು ಒಂದೇ ಬಿಂದುವಿನಲ್ಲಿ ಕೂಡಿಸಿದರು.

ಅವರು ಕಂಡದ್ದು ಬೆಲೆಯುಳ್ಳ ಸಂಗತಿ. ನರತಂತುಗಳಿಂದಾದ ಬಿಳಿಯ ಭಾಗ ಮೊದಲು ನಾಶವಾಯಿತು. ಬೂದು ಭಾಗಕ್ಕೆ ಹೆಚ್ಚಿನ ಪ್ರಮಾಣ ಬೇಕಾಯಿತು. ರಕ್ತನಾಳಗಳು ಎಲ್ಲಕ್ಕಿಂತ ಹೆಚ್ಚು ತಾಳಿಕೊಂಡವು. ಅಂದರೆ ಅಳತೆ ಸರಿಯಿದ್ದರೆ ರಕ್ತಸ್ರಾವವಿಲ್ಲದೆ ನರಮಾರ್ಗವನ್ನು ಕಡಿಯಬಹುದು. ಅಳತೆ ಮೀರಿದರೆ ಅಂಗಾಂಶದಲ್ಲಿ ಗುಳ್ಳೆಗಳೆದ್ದು ಒಡೆಯುತ್ತವೆ, ನಾಳಗಳು ಹರಿಯುತ್ತವೆ. ಶಾಖ 55ರಿಂದ 60 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಕೆಲವೇ ಕ್ಷಣಗಳಲ್ಲಿ ಕೋಶಗಳ ಪ್ರೋಟೀನು, ಒಡೆದ ಹಾಲಿನಂತೆ, ಮರಳಿ ಮೊದಲಿನಂತಾಗದು. ಸುತ್ತ ಕೆಲಕಾಲ ಬಾವು ಬರುತ್ತದೆ. ಸತ್ತ ಕೋಶಗಳನ್ನು ದೇಹವೇ ಕ್ರಮೇಣ ತೆರವು ಮಾಡುತ್ತದೆ.

ಉಳಿದದ್ದು ಬುರುಡೆಯ ಅಡ್ಡಿ. ಸಾವಿರಕ್ಕೂ ಹೆಚ್ಚು ಚಿಕ್ಕ ಧ್ವನಿಮೂಲಗಳನ್ನು ಶಿರಸ್ತ್ರಾಣದಂತೆ ಜೋಡಿಸಿ, ಎಲುಬಿನ ದಪ್ಪಕ್ಕೆ ತಕ್ಕಂತೆ ಒಂದೊಂದರ ಅಲೆಯನ್ನೂ ಹೊಂದಿಸಿ, ತಲೆಯ ಸುತ್ತ ತಣ್ಣೀರು ಹರಿಸಿ ಅದನ್ನು ಗೆಲ್ಲಲಾಯಿತು. ಎಂ.ಆರ್.ಐ. ಯಂತ್ರ ಒಳಗಿನ ಶಾಖವನ್ನು ಆಗಿಂದಾಗ್ಗೆ ಅಳೆದು ತಿಳಿಸುತ್ತದೆ. ಬಾಸ್ಟನ್ನಿನ ಹೈನಿನೆನ್ ಮತ್ತು ಸಂಗಡಿಗರು ರೀಸಸ್ ಕೋತಿಗಳಲ್ಲಿ ನಡೆಸಿದ ಪರೀಕ್ಷೆಗಳನ್ನು 2006ರಲ್ಲಿ ಪ್ರಕಟಿಸಿದರು. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಔಷಧಕ್ಕೆ ಬಗ್ಗದ ಕೈನಡುಕಕ್ಕೆ ಈ ಚಿಕಿತ್ಸೆಯನ್ನು ಒಪ್ಪಿತು. ವೈದ್ಯರು ಮೊದಲು ಆ ಬಿಂದುವನ್ನು ಹಗುರವಾಗಿ ಕಾಯಿಸಿ, ನಡುಕ ತಗ್ಗುವುದನ್ನು ನೋಡಿ, ಆಮೇಲಷ್ಟೇ ಶಾಖವನ್ನು ಏರಿಸುತ್ತಾರೆ.

ಇದು ಸರ್ವರೋಗ ನಿವಾರಕವಲ್ಲ. ಕೆಲವರಿಗೆ ಜೋಮು, ನಡಿಗೆಯಲ್ಲಿ ತೂಕ ತಪ್ಪುವುದು ಉಂಟಾಗುತ್ತದೆ. ವರ್ಷಗಳು ಕಳೆದಂತೆ ನಡುಕ ಕೊಂಚ ಮರಳುವುದೂ ಉಂಟು. ಸುಟ್ಟ ಭಾಗ ಮತ್ತೆ ಬೆಳೆಯದು. ಆದುದರಿಂದ ನರರೋಗ ತಜ್ಞರ ವಿವೇಚನೆಯೇ ಇಲ್ಲಿ ಮುಖ್ಯ.

ಪ್ರಾಣಿದಯೆಯನ್ನು ನಂಬಿದ ನಮಗೆ ಈ ಕಥೆ ನಿರಾಳವಾಗಿ ಓದುವಂಥದಲ್ಲ. ಆ ಬೆಕ್ಕು, ಕೋತಿಗಳು ತಾವಾಗಿ ಒಪ್ಪಿ ಬಂದವಲ್ಲ. ಅವುಗಳ ನೋವಿನಿಂದ ದೊರೆತ ಅರಿವನ್ನು ಬೇಡವೆನ್ನಲೂ ಆಗದು, ಋಣವನ್ನು ಮರೆಯಲೂ ಆಗದು. ಅನಗತ್ಯ ಪ್ರಯೋಗಗಳನ್ನು ನಿಲ್ಲಿಸಿ, ಅನಿವಾರ್ಯವಾದವುಗಳಲ್ಲಿ ನೋವನ್ನು ತಗ್ಗಿಸುವಂತೆ ಕೇಳುವುದು ನಮ್ಮ ಹೊಣೆ. ಹಿರಿಯರೊಬ್ಬರು ಚೆಲ್ಲದೆ ನೀರು ಕುಡಿದಾಗ, ಆ ಲೋಟದಲ್ಲಿ ಮೂಕಜೀವಿಗಳ ಪಾಲೂ ಇದೆಯೆಂದು ನಾವು ನೆನೆಯೋಣ.