ಝೇಂಕಾರದ ಹಕ್ಕಿಗೆ ಅಂಗಳದ ಆತಿಥ್ಯ

ಮನೆಯಂಗಳಕ್ಕೆ ಬಂದ ಹಕ್ಕಿಗೆ ಒಂದು ಹಿಡಿ ಕಾಳು, ಒಂದು ಬೋಗುಣಿ ನೀರು ಇಡುವುದು ಮಾನವನ ಸದ್ಗುಣಗಳಲ್ಲೊಂದು. ಆದರೆ ಉಣಬಡಿಸುವವನಲ್ಲಿ ಔದಾರ್ಯವಿದ್ದರಷ್ಟೇ ಸಾಲದು. ಉಣ್ಣುವ ಜೀವಿಯ ದೇಹಧರ್ಮದ ಅರಿವೂ ಇರಬೇಕು. ಅಮೆರಿಕೆಯ ಹಿತ್ತಿಲುಗಳಿಗೆ ಬರುವ ಝೇಂಕಾರದ ಹಕ್ಕಿ, ಎಂದರೆ ಹಮ್ಮಿಂಗ್ ಬರ್ಡ್, ಈ ಮಾತಿಗೆ ಉತ್ತಮ ನಿದರ್ಶನವಾಗಿದೆ.

ಈ ವಂಶದ ಹಕ್ಕಿಗಳು ಉತ್ತರ ಮತ್ತು ದಕ್ಷಿಣ ಅಮೆರಿಕಾ ಖಂಡಗಳಲ್ಲಿ ಹಾಗೂ ಅವುಗಳ ಸಮೀಪದ ದ್ವೀಪಗಳಲ್ಲಿ ಮಾತ್ರ ಇವೆ. ಇವುಗಳಲ್ಲಿ 350ಕ್ಕೂ ಹೆಚ್ಚು ಪ್ರಭೇದಗಳುಂಟು. ಕ್ಯೂಬಾ ದ್ವೀಪದ ಒಂದು ಪ್ರಭೇದವು ಸುಮಾರು 2 ಗ್ರಾಂ ಮಾತ್ರ ತೂಗುತ್ತದೆ. ಲೋಕದ ಪಕ್ಷಿಗಳಲ್ಲೆಲ್ಲ ಅದೇ ಅತಿ ಚಿಕ್ಕದು. ಕನ್ನಡ ನಾಡಿನಲ್ಲಿ ದಾಸವಾಳದ ಗಿಡಕ್ಕೆ ಬರುವ ಪುಟ್ಟ ಹಕ್ಕಿಯನ್ನು ಇದೇ ಎಂದು ಭ್ರಮಿಸುವವರುಂಟು. ಅದು ಸೂರಕ್ಕಿ, ಬೇರೆಯೇ ವಂಶಕ್ಕೆ ಸೇರಿದ್ದು. ಸೂರಕ್ಕಿ ಸಾಮಾನ್ಯವಾಗಿ ಕೊಂಬೆಯನ್ನು ಹಿಡಿದು ಕುಳಿತು ಮಧು ಹೀರಿದರೆ, ಝೇಂಕಾರದ ಹಕ್ಕಿ ಗಾಳಿಯಲ್ಲಿಯೇ ನಿಂತು ಹೀರುತ್ತದೆ, ಹಿಂದುಹಿಂದಕ್ಕೂ ಹಾರಬಲ್ಲದು.

ಅಮೆರಿಕಾ ಸಂಯುಕ್ತ ಸಂಸ್ಥಾನದ ಪೂರ್ವಭಾಗದಲ್ಲಿ ಗೂಡು ಕಟ್ಟುವುದು ಮಾಣಿಕ್ಯಕಂಠದ ಪ್ರಭೇದ. ಗಂಡಿನ ಕೊರಳು ಬೆಳಕು ಬಿದ್ದಾಗ ಕೆಂಪಾಗಿ ಹೊಳೆಯುವುದರಿಂದ ಅದಕ್ಕೆ ಆ ಹೆಸರು. ಇದರ ತೂಕ ಸುಮಾರು 3 ಗ್ರಾಂ. ಹಾರುವಾಗ ಸೆಕೆಂಡಿಗೆ 50ರಷ್ಟು ಸಲ ರೆಕ್ಕೆ ಬಡಿಯುತ್ತದೆ. ರೆಕ್ಕೆಯ ಆ ಸದ್ದೇ ಝೇಂಕಾರ. ಇಂತಹ ದುಡಿಮೆಗೆ ಇಂಧನ ಅಪಾರವಾಗಿ ಬೇಕು. ಆದುದರಿಂದಲೇ ಹಗಲೆಲ್ಲ ಮತ್ತೆ ಮತ್ತೆ ಉಣ್ಣುವುದು ಅದಕ್ಕೆ ಅನಿವಾರ್ಯ. ಚಳಿಯ ರಾತ್ರಿಗಳಲ್ಲಿ ದೇಹದ ಕಾವನ್ನೂ ಎದೆಬಡಿತವನ್ನೂ ಬಹಳವಾಗಿ ತಗ್ಗಿಸಿ, ಜಡನಿದ್ರೆಗೆ ಇಳಿದು ಶಕ್ತಿಯನ್ನು ಉಳಿಸಿಕೊಳ್ಳುವ ಉಪಾಯವನ್ನೂ ಪ್ರಕೃತಿ ಅದಕ್ಕೆ ಕರುಣಿಸಿದೆ. ವಲಸೆಯ ಮುನ್ನ ಕೊಬ್ಬನ್ನು ಕೂಡಿಟ್ಟು ತನ್ನ ತೂಕವನ್ನು ಸುಮಾರು ಇಮ್ಮಡಿಗೊಳಿಸಿಕೊಳ್ಳುವ ಈ ಕಿರುಜೀವಿಗಳಲ್ಲಿ ಅನೇಕವು ಮೆಕ್ಸಿಕೊ ಕೊಲ್ಲಿಯ 800 ಕಿಲೋಮೀಟರುಗಳಷ್ಟು ನೀರಿನ ಹರವನ್ನು ಎಲ್ಲಿಯೂ ನಿಲ್ಲದೆ ದಾಟುತ್ತವೆ.

ಇಂತಹ ಅತಿಥಿಗೆ ಸಿದ್ಧಪಡಿಸಬೇಕಾದ ಪಾನಕ ಅತ್ಯಂತ ಸರಳವಾದುದು. ನಾಲ್ಕು ಅಳತೆ ನೀರಿಗೆ ಒಂದು ಅಳತೆ ಬಿಳಿ ಸಕ್ಕರೆಯನ್ನು ಬೆರೆಸಿ, ಚೆನ್ನಾಗಿ ಕರಗಿಸಿ, ಆರಿದ ಮೇಲೆ ಪಾತ್ರೆಗೆ ತುಂಬಿ ತೂಗುಹಾಕಬೇಕು. ಇದು ಹೂವಿನ ಮಕರಂದವನ್ನು ಬಹುಮಟ್ಟಿಗೆ ಹೋಲುತ್ತದೆ. ಹಕ್ಕಿಯ ಸೀಳುನಾಲಗೆ ಸಪೂರ ನಳಿಕೆಯಂತೆ ರಸವನ್ನು ತಾನಾಗಿ ಏರಿಸಿಕೊಳ್ಳುವುದೆಂದು ಹಿಂದೆ ನಂಬಲಾಗಿತ್ತು. 2011ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ನಾಲಗೆಯ ತುದಿಯ ಅಂಚುಗಳು ರಸದೊಳಗೆ ಬಿಚ್ಚಿಕೊಂಡು, ಹೊರಬರುವಾಗ ಮಡಿಚಿಕೊಂಡು ರಸವನ್ನು ಸೆರೆಹಿಡಿಯುತ್ತವೆಂದು ತೋರಿಸಿತು.

ತಪ್ಪುಗಳು ಸಂಭವಿಸುವುದು ಬಹುಮಟ್ಟಿಗೆ ಪ್ರೀತಿಯ ಅತಿರೇಕದಿಂದಲೇ. ಜೇನು ಸಕ್ಕರೆಗಿಂತ ಶ್ರೇಷ್ಠವೆಂದು ಬಗೆದು ಅದನ್ನು ನೀರಿಗೆ ಬೆರೆಸುವವರಿದ್ದಾರೆ. ಆ ದ್ರಾವಣ ಬೇಗನೆ ಹುಳಿತು ಬೂಷ್ಟು ಹಿಡಿಯುತ್ತದೆ, ಹಕ್ಕಿಗೆ ಕೇಡು ತರುತ್ತದೆ. ಕೆಂಪುಸಕ್ಕರೆ, ಬೆಲ್ಲಗಳೂ ಸಲ್ಲವು. ಕೃತಕ ಸಿಹಿಯಿಂದ ರುಚಿಯುಂಟು, ಶಕ್ತಿಯಿಲ್ಲ. ಕುಡಿದ ಹಕ್ಕಿ ಹಸಿದೇ ಉಳಿಯುತ್ತದೆ. ಕೆಂಪು ಬಣ್ಣ ಹಕ್ಕಿಯನ್ನು ಸೆಳೆಯುವುದು ನಿಜ. ಆದರೆ ಆ ಬಣ್ಣ ಪಾತ್ರೆಗಿದ್ದರೆ ಸಾಕು, ನೀರಿಗೆ ಬೇಡ. ಎಲ್ಲಕ್ಕಿಂತ ದೊಡ್ಡ ತಪ್ಪು ಆಲಸ್ಯ. ಬೇಸಗೆಯಲ್ಲಿ ಎರಡು ದಿನಕ್ಕೊಮ್ಮೆಯಾದರೂ, ಬಿಸಿಲು ತೀವ್ರವಾಗಿದ್ದರೆ ದಿನವೂ, ನೀರನ್ನು ಚೆಲ್ಲಿ ಪಾತ್ರೆಯನ್ನು ಬಿಸಿನೀರಿನಿಂದ ಉಜ್ಜಿ ತೊಳೆಯಬೇಕು. ಇಷ್ಟು ಮಾಡಲಾಗದವರು ಪಾತ್ರೆಯನ್ನು ತೂಗುಹಾಕದಿರುವುದೇ ಲೇಸು.

ಗಾತ್ರದಲ್ಲಿ ಕಿರಿದಾದರೂ ಈ ಹಕ್ಕಿ ಜಗಳಗಂಟ. ಒಂದೇ ಗಂಡು ಪಾತ್ರೆಯ ಮೇಲೆ ಒಡೆತನ ಸಾಧಿಸಿ ಉಳಿದವನ್ನು ಓಡಿಸುವುದುಂಟು. ಒಂದರಿಂದ ಇನ್ನೊಂದು ಕಾಣದಂತೆ ಎರಡು ಮೂರು ಪಾತ್ರೆಗಳನ್ನಿಟ್ಟರೆ ದುರ್ಬಲವಾದವಕ್ಕೂ ಪಾಲು ದೊರೆಯುತ್ತದೆ. ಶರತ್ಕಾಲದಲ್ಲಿ ಪಾತ್ರೆಯನ್ನು ಹಾಗೆಯೇ ಬಿಟ್ಟರೆ ಹಕ್ಕಿ ವಲಸೆ ಹೋಗದೆ ಚಳಿಗೆ ಸಾಯುವುದೆಂಬ ಭಯ ಆಧಾರರಹಿತ. ಹಗಲು ಕಿರಿದಾಗುವುದೇ ಅದಕ್ಕೆ ಹೊರಡುವ ಸೂಚನೆ. ತಡವಾಗಿ ಬರುವ ದಾರಿಹೋಕ ಹಕ್ಕಿಗೆ ಆಗಿನ ಒಂದು ಗುಟುಕು ಮಹದುಪಕಾರವಾಗಬಹುದು.

ಸಿಹಿನೀರಾದರೋ ಪೂರಕ ಆಹಾರ ಮಾತ್ರ. ಸಣ್ಣ ನೊಣ, ನುಸಿ, ಜೇಡಗಳಿಂದಲೇ ಇದಕ್ಕೆ ಮಾಂಸಪುಷ್ಟಿ. ಮರಿಗಳು ಬೆಳೆಯುವುದೂ ಅವುಗಳಿಂದಲೇ. ಜೇಡರ ಬಲೆಯ ಎಳೆಗಳಿಂದ ಬಿಗಿದ ಪುಟ್ಟ ಗೂಡಿನಲ್ಲಿ ಹೆಣ್ಣು ಸಾಮಾನ್ಯವಾಗಿ ಎರಡು ಮೊಟ್ಟೆಗಳನ್ನಿಟ್ಟು ಒಂಟಿಯಾಗಿಯೇ ಮರಿಗಳನ್ನು ಸಲಹುತ್ತದೆ. ಹಿತ್ತಿಲಿಗೆ ಕೀಟನಾಶಕ ಸಿಂಪಡಿಸುವವನು ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಂಡಂತೆ. ಟ್ರಂಪೆಟ್ ಬಳ್ಳಿ, ಕಾರ್ಡಿನಲ್ ಹೂ, ಬೀ ಬಾಮ್ ಮುಂತಾದ ಆ ನೆಲದ ಸಸ್ಯಗಳನ್ನು ಬೆಳೆಸಿದರೆ ಆತಿಥ್ಯ ಪೂರ್ಣವಾಗುತ್ತದೆ. ಕಾರ್ಡಿನಲ್ ಹೂವಂತೂ ಪರಾಗಸ್ಪರ್ಶಕ್ಕಾಗಿ ಮುಖ್ಯವಾಗಿ ಈ ಹಕ್ಕಿಯನ್ನೇ ನೆಚ್ಚಿದೆ.

ಅಮೆರಿಕೆಯಲ್ಲಿ ನೆಲೆಸಿದ ಕನ್ನಡಿಗರ ಹಿತ್ತಿಲುಗಳಿಗೂ ವಸಂತದಲ್ಲಿ ಈ ಅತಿಥಿ ಬರುತ್ತದೆ. ಅದು ಬೇಡುವುದು ಅಲ್ಪ: ಅಳತೆಯರಿತ ಸಕ್ಕರೆ, ಶುಚಿಯಾದ ಪಾತ್ರೆ, ವಿಷವಿಲ್ಲದ ಹೂದೋಟ. ಮೂರು ಗ್ರಾಂ ತೂಕದ ಆ ಜೀವ ಕಡಲು ದಾಟಿ ಬಂದು, ನೀಡಿದುದನ್ನು ಶಂಕಿಸದೆ ಕುಡಿಯುತ್ತದೆ. ಆ ನಂಬಿಕೆಗೆ ಎರವಾಗದಿರುವುದೇ ನೀಡುವವನ ಧರ್ಮ.