ಡೊನೆಗಾಲ್: ಗಡಿಯಂಚಿನ ಕಡಲ ಕೌಂಟಿ

ಸ್ಟ್ರಬೇನ್ ಕಡೆಯಿಂದ ಸೇತುವೆ ದಾಟಿದರೆ ಲಿಫರ್ಡ್. ಫಿನ್ ಮತ್ತು ಮೋರ್ನ್ ನದಿಗಳು ಇಲ್ಲೇ ಕೂಡಿ ಫಾಯ್ಲ್ ಆಗುತ್ತವೆ. ಆ ದಡ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್, ಈ ದಡ ಐರ್ಲೆಂಡ್ ಗಣರಾಜ್ಯ. ಹಿಂದೆ ಸೈನಿಕರು ನಿಂತು ವಾಹನ ತಪಾಸಣೆ ಮಾಡುತ್ತಿದ್ದ ದಾರಿಯಲ್ಲಿ ಈಗ ಯಾರೂ ಕೈ ಅಡ್ಡ ಹಿಡಿಯುವುದಿಲ್ಲ. ವೇಗಮಿತಿಯ ಫಲಕದಲ್ಲಿ ಮೈಲಿ ಹೋಗಿ ಕಿಲೋಮೀಟರ್ ಬರುತ್ತದೆ, ಅಂಗಡಿಯಲ್ಲಿ ಪೌಂಡ್ ಹೋಗಿ ಯೂರೋ ಬರುತ್ತದೆ. ದೇಶ ಬದಲಾಗಿದ್ದು ತಿಳಿಯುವುದು ಅಷ್ಟರಿಂದಲೇ.

ಈ ಪುಟ್ಟ ಊರೇ ಡೊನೆಗಾಲ್ ಕೌಂಟಿಯ ಆಡಳಿತ ಕೇಂದ್ರ. ದೊಡ್ಡ ಪಟ್ಟಣ ಲೆಟರ್‌ಕೆನಿಯಾದರೂ ಕೌನ್ಸಿಲ್‌ನ ಮುಖ್ಯ ಕಚೇರಿ ಇಲ್ಲಿದೆ. 1746ರ ಹಳೆಯ ನ್ಯಾಯಾಲಯದ ಕಟ್ಟಡವೂ ಇಲ್ಲೇ. 2022ರ ಜನಗಣತಿಯಂತೆ 1.67 ಲಕ್ಷ ಜನರಿರುವ ಕೌಂಟಿಯ ಕೌನ್ಸಿಲ್‌ಗೆ 37 ಸದಸ್ಯರು. ಅವರ ಆಯ್ಕೆ ಪ್ರಾಶಸ್ತ್ಯ ಮತಗಳಿಂದ. ನಮ್ಮ ರಾಜ್ಯಸಭೆ, ವಿಧಾನ ಪರಿಷತ್ ಚುನಾವಣೆಗಳನ್ನು ಬಲ್ಲವರಿಗೆ ಇದು ಹೊಸದಲ್ಲ. ಆದರೆ ಗೆದ್ದವರ ಕೈಯಲ್ಲಿ ಅಧಿಕಾರ ಕಡಿಮೆ. ದೈನಂದಿನ ಆಡಳಿತ ನಡೆಸುವವರು ನೇಮಕಗೊಂಡ ಮುಖ್ಯ ಕಾರ್ಯನಿರ್ವಾಹಕರು. ನೀರು ಸರಬರಾಜಿನ ಹೊಣೆ 2014ರಲ್ಲಿ ರಾಷ್ಟ್ರೀಯ ಸಂಸ್ಥೆಗೆ ಹೋಯಿತು. ಅದೇ ವರ್ಷ ಬಂಡೋರನ್, ಬಂಕ್ರಾನಾ, ಬ್ಯಾಲಿಶ್ಯಾನನ್, ಲೆಟರ್‌ಕೆನಿಗಳ ಪಟ್ಟಣ ಕೌನ್ಸಿಲ್‌ಗಳನ್ನೂ ರದ್ದು ಮಾಡಿದರು. ಸುಮಾರು 4,860 ಚದರ ಕಿಲೋಮೀಟರ್ ಹರಡಿಕೊಂಡು, ಟೋರಿ, ಆರನ್‌ಮೋರ್‌ನಂಥ ಜನವಸತಿಯ ದ್ವೀಪಗಳನ್ನೂ ಹೊಂದಿರುವ ಕೌಂಟಿಯಲ್ಲಿ ಊರಿನ ಮಟ್ಟದ ಸಭೆಯನ್ನು ಕಿತ್ತುಹಾಕಿದ್ದು ತಪ್ಪು ಎಂದೇ ನನ್ನ ಅಭಿಪ್ರಾಯ.

ಭೂಪಟ ಹರಡಿ ನೋಡಿದರೆ ಇನ್ನೂ ಅಚ್ಚರಿ. 1921ರ ಐರ್ಲೆಂಡ್ ವಿಭಜನೆಯಲ್ಲಿ ಅಲ್ಸ್ಟರ್ ಪ್ರಾಂತ್ಯದ ಒಂಬತ್ತು ಕೌಂಟಿಗಳ ಪೈಕಿ ಆರು ಉತ್ತರ ಐರ್ಲೆಂಡ್ ಆದವು, ಡೊನೆಗಾಲ್ ಹೊರಗುಳಿಯಿತು. ಪಕ್ಕದಲ್ಲೇ ಇರುವ ಡೆರಿ ನಗರ ಗಡಿಯಾಚೆಗೆ ಸೇರಿತು. ಗಣರಾಜ್ಯದೊಳಗೆ ಡೊನೆಗಾಲ್‌ಗೆ ತಾಗಿಕೊಂಡಿರುವ ಕೌಂಟಿ ಲೀಟ್ರಿಮ್ ಒಂದೇ, ಅದೂ ದಕ್ಷಿಣದ ತುದಿಯಲ್ಲಿ ಕೆಲವೇ ಕಿಲೋಮೀಟರ್. ಇಂದಿಗೂ ಕೌಂಟಿಯಲ್ಲಿ ರೈಲಿಲ್ಲ.

ಪಶ್ಚಿಮಕ್ಕೆ ಹೊರಟರೆ 751 ಮೀಟರ್ ಎತ್ತರದ ಎರಿಗಲ್ ಶಿಖರ, ಅದರಾಚೆ ಐರಿಷ್ ಭಾಷೆಯ ಗ್ವೀಡೋರ್ ಸೀಮೆ. ನೈರುತ್ಯದಲ್ಲಿ ಸ್ಲೀವ್ ಲೀಗ್ ಬೆಟ್ಟ ಸುಮಾರು 600 ಮೀಟರ್ ಎತ್ತರದಿಂದ ಅಟ್ಲಾಂಟಿಕ್‌ಗೆ ಇಳಿದಿದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನಿಶೋವೆನ್ ಪರ್ಯಾಯ ದ್ವೀಪದ ಮಾಲಿನ್ ಹೆಡ್. ಇಡೀ ಐರ್ಲೆಂಡ್ ದ್ವೀಪದಲ್ಲಿ ಉತ್ತರದ ಕಟ್ಟಕಡೆಯ ನೆಲವಿದು, ಆದರೂ ‘ಉತ್ತರ ಐರ್ಲೆಂಡ್’ ಅಲ್ಲ. ಬಾನ್ಬಾಸ್ ಕ್ರೌನ್ ಗುಡ್ಡದ ಮೇಲೆ 1805ರ ಕಾವಲು ಗೋಪುರ. ಕೆಳಗಿನ ಹುಲ್ಲಿನಲ್ಲಿ ಬಿಳಿ ಕಲ್ಲು ಜೋಡಿಸಿ ಬರೆದ ‘ಏರೆ’ ಎಂಬ ಐರ್ಲೆಂಡಿನ ಐರಿಷ್ ಹೆಸರು, ಜೊತೆಗೆ 80 ಎಂಬ ಸಂಖ್ಯೆ. ಎರಡನೇ ಮಹಾಯುದ್ಧದಲ್ಲಿ ಇದು ತಟಸ್ಥ ದೇಶದ ನೆಲವೆಂದು ವಿಮಾನ ಚಾಲಕರಿಗೆ ತಿಳಿಯಲು ಮಾಡಿದ ಗುರುತು. 80 ಎಂಬುದು ಆ ಕಾವಲು ಠಾಣೆಯ ಸಂಖ್ಯೆ.

ಭಾರತದ ಪಾಸ್‌ಪೋರ್ಟ್ ಹಿಡಿದು ಹೋಗುವವರಿಗೆ ಒಂದು ಮಾತು. ಡಬ್ಲಿನ್‌ನಿಂದ ಲೆಟರ್‌ಕೆನಿಗೆ ಹೋಗುವ ನೇರ ದಾರಿ ಉತ್ತರ ಐರ್ಲೆಂಡಿನ ಮೂಲಕ ಹಾಯುತ್ತದೆ. ತಡೆಯುವವರಿಲ್ಲ ಎಂದರೆ ವೀಸಾ ಬೇಡ ಎಂದಲ್ಲ. ಐರಿಷ್ ವೀಸಾದ ಮೇಲೆ ‘ಬಿಐವಿಎಸ್’ (ಬ್ರಿಟಿಷ್-ಐರಿಷ್ ವೀಸಾ ಯೋಜನೆ) ನಮೂದು ಇದೆಯೇ ನೋಡಿಕೊಳ್ಳಿ. ಅದೂ ಇಲ್ಲ, ಬ್ರಿಟನ್ನಿನ ವೀಸಾವೂ ಇಲ್ಲ ಎಂದಾದರೆ ಸ್ಲೈಗೊ, ಬಂಡೋರನ್ ಮಾರ್ಗವಾಗಿ ಹೋಗಿ.